ಗಡಿಯೂರಿನ ಸ್ವಾತಂತ್ರ್ಯದ ಹಬ್ಬ



ಹೊರನಾಡಿನಲ್ಲಿದ್ದುಕೊಂಡು ರಾಷ್ಟ್ರೀಯ ಹಬ್ಬ ಆಚರಿಸುವವರಿಗೆ ಸ್ವಾತಂತ್ರ್ಯ ಎಂಬ ಮಾತು ಹೇಗೆ ಕೇಳಿಸುತ್ತದೆ ಎಂಬುದು ಇಂದಿನ ಮಾತಿನ ವಿಷಯ. ಹೊರನಾಡು ಎಂದೊಡನೆ ನಮಗೆ ನೆನಪಾಗುವುದು ದುಬೈ, ಮಸ್ಕತ್, ಅಮೆರಿಕ. ನಮ್ಮ ಸುತ್ತಲಿನ ಹಳ್ಳಿಗಳಿಂದಲೂ ಹುಡುಗರು ಅಲ್ಲಿಗೆಲ್ಲ ದುಡಿಯಲು ಹೋಗಿದ್ದಾರೆ. ಕೊಲ್ಲಿ ದೇಶಗಳಲ್ಲಿರುವವರು ಆಗಸ್ಟ್ 15ರಂದು ಭಾರತದ ರಾಯಭಾರ ಕಛೇರಿಯ ಅಂಗಳದಲ್ಲಿ ಸೇರಿ ಧ್ವಜವಂದನೆ ಮಾಡುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ನಮ್ಮವರ ದೊಡ್ಡ ಮೆರವಣಿಗೆ ನಡೆಯುವುದು ಆಗಸ್ಟ್ ತಿಂಗಳ ಒಂದು ಭಾನುವಾರ. ಆಗಸ್ಟ್ 15 ಅಲ್ಲಿ ರಜೆಯಲ್ಲ ನೋಡಿ. ಹಬ್ಬವೇ ಒಂದಿಷ್ಟು ಜರುಗಿ ರಜೆಯ ದಿನಕ್ಕೆ ಹೊಂದಿಕೊಳ್ಳಬೇಕು. ಹೊರನಾಡು ಅಂದರೆ ಅಷ್ಟೇ, ನಮ್ಮ ಹಬ್ಬ ಅವರ ಕ್ಯಾಲೆಂಡರಿನಲ್ಲಿ ಇರುವುದಿಲ್ಲ.

ಆದರೆ ಅವರೆಲ್ಲ ವಿಮಾನ ಹತ್ತಿ ಹೋದವರು. ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯ ಕನ್ನಡದವರು ಎಲ್ಲಿಗೂ ಹೋದವರಲ್ಲ. ತಾತ ಮುತ್ತಾತ ರಾಗಿ ಹುರುಳಿ ಬೆಳೆದ ಹೊಲದಲ್ಲೇ ಇವತ್ತು ಟೊಮೇಟೊ, ಗುಲಾಬಿ ಬೆಳೆಯುತ್ತಿದ್ದಾರೆ. ಆದರೂ ಬೆಂಗಳೂರಿನ ಸಭೆಗಳಲ್ಲಿ ನಮ್ಮನ್ನು ಹೊರನಾಡಿನವರು ಎಂದು ಕರೆಯುತ್ತಾರೆ. ಚೆನ್ನೈನ ಕಡತಗಳಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಕದಲದೆಯೇ ಹೊರಗಿನವರಾದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು 1956ರ ನವೆಂಬರ್ 1ನ್ನು ತೋರಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಜೂಜುವಾಡಿಗೂ ಅತ್ತಿಬೆಲೆಗೂ ನಡುವೆ ಇರುವ ಗೆರೆ ಭಾಷಾವಾರು ಪ್ರಾಂತ್ಯಗಳ ಕಾಲದ್ದಲ್ಲ, ಅದಕ್ಕಿಂತ ಬಹಳ ಹಳೆಯದು. ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರ ಕೈಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವರ ಪಾಲಾಯಿತು. ಆಚೆ ಬದಿ ಮೈಸೂರು ಅರಸರದು, ಈಚೆ ಬದಿ ಕಂಪನಿಯದು, ಆಮೇಲೆ ಮದರಾಸು ಪ್ರಾಂತದ ಸೇಲಂ ಜಿಲ್ಲೆ. 1956ರಲ್ಲಿ ಕೊಳ್ಳೇಗಾಲ ತಾಲೂಕು ಮದರಾಸಿನಿಂದ ಮೈಸೂರಿಗೆ ಹೋಯಿತು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತಿದ್ದ ಹೊಸೂರು ಇದ್ದಲ್ಲೇ ಉಳಿಯಿತು. ಗೆರೆ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. ಮೊದಲು ಅದು ಅರಸನಿಗೂ ಇಂಗ್ಲಿಷರಿಗೂ ನಡುವಿನ ಗೆರೆಯಾಗಿತ್ತು. ಆಮೇಲೆ ಕನ್ನಡಕ್ಕೂ ತಮಿಳಿಗೂ ನಡುವಿನ ಗೆರೆ ಎನಿಸಿಕೊಂಡಿತು.

ಈ ಹಳೆಯ ಸಂಗತಿಯನ್ನು ಯಾಕೆ ಎತ್ತುತ್ತಿದ್ದೇನೆ ಎಂದರೆ, ಸ್ವಾತಂತ್ರ್ಯ ನಮ್ಮ ಗೆರೆಯ ಎರಡು ಬದಿಗೂ ಒಂದೇ ದಿನ ಬರಲಿಲ್ಲ. ಶಾಲೆಯ ಪುಸ್ತಕದಲ್ಲಿ ಇಡೀ ದೇಶಕ್ಕೆ ಒಂದೇ ತಾರೀಕು ಇರುತ್ತದೆ. ಗಡಿಯಲ್ಲಿ ನಿಂತು ನೋಡಿದರೆ ತಾರೀಕುಗಳು ಎರಡಾಗಿ ಕಾಣುತ್ತವೆ.

1938ರ ಏಪ್ರಿಲ್ ತಿಂಗಳನ್ನು ತೆಗೆದುಕೊಳ್ಳಿ. ಆಗ ಮದರಾಸು ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಇತ್ತು. ಅದರ ಮುಖ್ಯಸ್ಥರು ನಮ್ಮ ಹೊಸೂರಿನ ಮಗ್ಗುಲಲ್ಲೇ ಇರುವ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು, ಅಂದರೆ ರಾಜಾಜಿ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಸೇಲಂನಲ್ಲಿ ವಕೀಲಿ ಮಾಡಿದವರು. ಅವರ ಹುಟ್ಟಿದ ಮನೆ ಈಗ ಸ್ಮಾರಕ. ಈಚೆ ಬದಿಯಲ್ಲಿ ಕಾಂಗ್ರೆಸ್ಸಿನವರೇ ಸರಕಾರ ನಡೆಸುತ್ತಿದ್ದಾಗ ಆಚೆ ಬದಿಯ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸುವುದಕ್ಕೇ ತಡೆ ಇತ್ತು. ಆ ತಡೆಯನ್ನು ಮುರಿಯಲೆಂದೇ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಏಪ್ರಿಲ್ ಎರಡನೆಯ ವಾರ ಧ್ವಜ ಸತ್ಯಾಗ್ರಹ ನಡೆಯಿತು. ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ವಿದುರಾಶ್ವತ್ಥವೂ ಗಡಿಯ ಊರೇ. ಅಲ್ಲಿಂದ ಹಿಂದೂಪುರ ಹತ್ತಿರ, ಆಗ ಹಿಂದೂಪುರವೂ ಮದರಾಸು ಪ್ರಾಂತಕ್ಕೇ ಸೇರಿತ್ತು. ಗುಂಡೇಟಿನ ಸುದ್ದಿ ದೇಶವನ್ನೆಲ್ಲ ಕಲಕಿದ ಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂದು ತೀರ್ಮಾನವಾಯಿತು.

ಇನ್ನೊಂದು ಸಂಗತಿಯೂ ಆ ತಿಂಗಳಿನದೇ. ವಿದುರಾಶ್ವತ್ಥದ ಗುಂಡೇಟಿಗೆ ನಾಲ್ಕೇ ದಿನ ಮೊದಲು, ಏಪ್ರಿಲ್ 21ರಂದು, ರಾಜಾಜಿಯವರ ಸರಕಾರ ಮದರಾಸು ಪ್ರಾಂತದ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ ಆಜ್ಞೆ ಹೊರಡಿಸಿತು. ಅದನ್ನು ವಿರೋಧಿಸಿ ತಮಿಳರು ಸಾವಿರಗಟ್ಟಲೆ ಬೀದಿಗಿಳಿದರು. ಸೆರೆಮನೆಗೆ ಹೋದವರಲ್ಲಿ ನಟರಾಜನ್, ತಾಳಮುತ್ತು ಎಂಬ ಇಬ್ಬರು 1939ರಲ್ಲಿ ಸೆರೆಯಲ್ಲಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡರು. ಕಡೆಗೆ 1940ರ ಫೆಬ್ರವರಿಯಲ್ಲಿ ಆ ಆಜ್ಞೆ ರದ್ದಾಯಿತು.

ಒಂದೇ ತಿಂಗಳು, ಒಂದೇ ಗೆರೆ. ಆಚೆ ಬದಿಯಲ್ಲಿ ಧ್ವಜ ಹಾರಿಸುವ ಸ್ವಾತಂತ್ರ್ಯ ಇಲ್ಲ. ಈಚೆ ಬದಿಯಲ್ಲಿ ಧ್ವಜ ಹಾರಿಸಿದವರೇ ಅಧಿಕಾರದಲ್ಲಿದ್ದಾರೆ, ಆದರೆ ಮಗು ಯಾವ ಭಾಷೆ ಕಲಿಯಬೇಕು ಎನ್ನುವುದನ್ನು ಮೇಲಿನಿಂದ ಹೇಳುತ್ತಿದ್ದಾರೆ. ರಾಜಾಜಿಯವರ ದೇಶಪ್ರೇಮವನ್ನು ಯಾರೂ ಅನುಮಾನಿಸುವಂತಿಲ್ಲ. 1950ರ ಜನವರಿ 26ರಂದು ದೆಹಲಿಯಲ್ಲಿ ಭಾರತ ಗಣರಾಜ್ಯವಾಯಿತೆಂದು ಘೋಷಣೆ ಓದಿದವರು, ಕೊನೆಯ ಗವರ್ನರ್ ಜನರಲ್ ಆಗಿದ್ದ ಈ ತೊರಪಳ್ಳಿಯವರೇ. ಮುಂದೆ ಅವರೇ ಹಿಂದಿಯೊಂದನ್ನೇ ಆಡಳಿತ ಭಾಷೆ ಮಾಡುವುದನ್ನು ವಿರೋಧಿಸಿದರು. 1959ರಲ್ಲಿ ಕಟ್ಟಿದ ಪಕ್ಷಕ್ಕೆ ಸ್ವತಂತ್ರ ಪಕ್ಷ ಎಂದೇ ಹೆಸರಿಟ್ಟರು. ಅಷ್ಟು ದೊಡ್ಡವರಿಗೂ ಧ್ವಜದ ಸ್ವಾತಂತ್ರ್ಯ ಮೊದಲು ಕಂಡಿತು, ನಾಲಗೆಯ ಸ್ವಾತಂತ್ರ್ಯ ತಡವಾಗಿ ಕಂಡಿತು. ಇನ್ನು ಸಣ್ಣ ಸಣ್ಣ ಅಧಿಕಾರಿಗಳನ್ನು ಏನು ಹೇಳುವುದು!

ಈಗ 1947ಕ್ಕೆ ಬರೋಣ. ಆಗಸ್ಟ್ 15ರಂದು ಹೊಸೂರು ಸೀಮೆಯಲ್ಲಿ ಇಂಗ್ಲಿಷರ ಆಳ್ವಿಕೆ ಮುಗಿಯಿತು. ಹತ್ತು ಕಿಲೋಮೀಟರಿಗೂ ಕಡಿಮೆ ದೂರದ ಅತ್ತಿಬೆಲೆಯಲ್ಲಿ ಏನಾಯಿತು? ಮೈಸೂರಿನ ಮಹಾರಾಜರಾದ ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಆಗಸ್ಟ್‌ನಲ್ಲೇ ಸಹಿ ಹಾಕಿದ್ದರು. ಆದರೆ ಜನರು ಆರಿಸಿದ ಸರಕಾರ ಅಲ್ಲಿ ಇರಲಿಲ್ಲ, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ನಡೆದಿತ್ತು. ಜವಾಬ್ದಾರಿ ಸರಕಾರ ಬೇಕು ಎಂದು ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು ಊರೂರಿನಲ್ಲಿ ಎದ್ದಿತು. ಸೆಪ್ಟೆಂಬರ್ 13ರಂದು ಮೈಸೂರು ನಗರದ ವೃತ್ತವೊಂದರಲ್ಲಿ ಧ್ವಜ ಕಟ್ಟಲು ಹೋದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅದು ಈಗ ರಾಮಸ್ವಾಮಿ ವೃತ್ತ. ಬಸ್ಸಿನಲ್ಲಿ ಮೈಸೂರಿಗೆ ಹೋದವರು ಆ ಹೆಸರನ್ನು ಕೇಳಿರುತ್ತೀರಿ. ಲೆಕ್ಕ ಹಾಕಿ: ಕೆಂಪುಕೋಟೆಯ ಮೇಲೆ ಬಾವುಟ ಏರಿ ಹೆಚ್ಚುಕಡಿಮೆ ಒಂದು ತಿಂಗಳಾಗಿತ್ತು, ಅದೇ ಬಾವುಟಕ್ಕಾಗಿ ಒಬ್ಬ ಹುಡುಗ ಪ್ರಾಣ ಬಿಟ್ಟ.

ಆ ದಿನಗಳಲ್ಲಿ ಒಳಗಿನವರಿಗೆ ಹೊರಗಿನಿಂದ ನೆರವು ಹೋದದ್ದು ಗಡಿಯ ಊರುಗಳಿಂದ. ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ‘ಪೌರವಾಣಿ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಅಚ್ಚಾಗುವ ಮೊದಲೇ ಎಲ್ಲವನ್ನೂ ಸರಕಾರಕ್ಕೆ ತೋರಿಸಬೇಕು ಎಂಬ ಕಟ್ಟಳೆ ಬಂದಾಗ ಅವರು ಪತ್ರಿಕೆಯನ್ನು ಹಿಂದೂಪುರಕ್ಕೆ ಒಯ್ದು ಅಲ್ಲಿಂದ ಅಚ್ಚು ಹಾಕಿಸಿದರು. ಕನ್ನಡದ ಪತ್ರಿಕೆಯೊಂದು ಕನ್ನಡದ ಅರಸರ ಸೀಮೆಯಲ್ಲಿ ಬಾಯಿ ಬಿಡಲಾಗದೆ ಮದರಾಸು ಪ್ರಾಂತದ ತೆಲುಗು ಊರಿನಿಂದ ಮಾತನಾಡಿತು! ಹೊರನಾಡು ಎಂದರೆ ಏನೋ ಕಳೆದುಕೊಂಡ ಜಾಗ ಎಂದು ನಾವು ಕೊರಗುತ್ತೇವಲ್ಲ, ಆಗ ಹೊರನಾಡೇ ಉಸಿರಾಡುವ ಜಾಗವಾಗಿತ್ತು. ದೊರೆಸ್ವಾಮಿಯವರು 2021ರಲ್ಲಿ, 103ರ ವಯಸ್ಸಿನಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೂ ಸುಮ್ಮನೆ ಕೂರದೆ ನೆಲವಿಲ್ಲದವರ ಪರವಾಗಿ ಧರಣಿ ಕೂರುತ್ತಲೇ ಇದ್ದರು.

ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ಆ ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಅವರು ಕ್ಯಾಸಂಬಳ್ಳಿಯವರು, ಅವರೂ ಗಡಿ ಸೀಮೆಯವರೇ. ಹೊಸೂರಿಗೂ ಅತ್ತಿಬೆಲೆಗೂ ನಡುವೆ ಸ್ವಾತಂತ್ರ್ಯದ ದಾರಿ ಹತ್ತು ಮೈಲಿಯೂ ಇಲ್ಲ. ಅದನ್ನು ನಡೆಯಲು ಎಪ್ಪತ್ತು ದಿನ ಹಿಡಿಯಿತು.

ಇನ್ನು ನವೆಂಬರ್ 1ರ ಮಾತು. ಆಚೆ ಬದಿಯಲ್ಲಿ ಅದು ರಾಜ್ಯೋತ್ಸವ, ರಜೆ, ಮೆರವಣಿಗೆ, ಹಳದಿ ಕೆಂಪು ಬಾವುಟ. ಈಚೆ ಬದಿಯಲ್ಲಿ ಅದು ಶಾಲೆ ನಡೆಯುವ ದಿನ, ಕಾರ್ಖಾನೆಯ ಪಾಳಿ ಇರುವ ದಿನ. 2019ರಲ್ಲಿ ಚೆನ್ನೈ ಸರಕಾರ ಅದನ್ನೇ ತಮಿಳುನಾಡು ದಿನವೆಂದು ಆಚರಿಸಿತು. 2021ರಲ್ಲಿ ಬಂದ ಸರಕಾರ ತಮಿಳುನಾಡು ದಿನವನ್ನು ಜುಲೈ 18ಕ್ಕೆ ಬದಲಿಸಿತು, ನವೆಂಬರ್ 1ನ್ನು ಗಡಿ ಹೋರಾಟದಲ್ಲಿ ಕಷ್ಟಪಟ್ಟವರನ್ನು ನೆನೆಯುವ ದಿನವೆಂದು ಇರಿಸಿತು. ಯೋಚಿಸಿ ನೋಡಿ. ಒಂದೇ ದಿನ ಒಂದು ಮನೆಯವರಿಗೆ ಗೃಹಪ್ರವೇಶ, ಪಕ್ಕದ ಮನೆಯವರಿಗೆ ತಿಥಿ. ನಾವು ನಡುಗೋಡೆಗೆ ಒರಗಿ ಕೂತವರು. ಎರಡೂ ಸದ್ದು ನಮ್ಮ ಕಿವಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ರಾಜ್ಯೋತ್ಸವದ ದಿನ ಮೈಕು ಹಚ್ಚಿ ಹಾಡು ಹಾಕುವುದಕ್ಕೆ ಮುಂಚೆ ಈ ಎರಡನೆಯ ಸದ್ದನ್ನೂ ಸ್ವಲ್ಪ ಕೇಳಿಸಿಕೊಳ್ಳುವುದು ಒಳ್ಳೆಯದು.

ಗೆರೆ ದಿನವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೊಮ್ಮಸಂದ್ರಕ್ಕೆ ಕೆಲಸಕ್ಕೆ ಹೋಗುವವರು, ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಿಗೆ ಆನೇಕಲ್ಲಿನಿಂದ ಬರುವವರು, ಹೆಣ್ಣು ಕೊಟ್ಟವರು, ತಂದವರು, ಯಾರೂ ಅದನ್ನು ದಾಟುವಾಗ ತಲೆ ಎತ್ತಿ ನೋಡುವುದಿಲ್ಲ. ಅದು ಎದ್ದು ನಿಲ್ಲುವುದು ಕಾವೇರಿಯ ಗಲಾಟೆ ಎದ್ದಾಗ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂಸೆ ನಡೆದು ಬಡ ತಮಿಳು ಕುಟುಂಬಗಳು ಗಂಟುಮೂಟೆ ಹೊತ್ತು ಈ ಕಡೆ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟವು. ಆಗ ಬಸ್ಸುಗಳು ಅತ್ತಿಬೆಲೆಯಲ್ಲೂ ಜೂಜುವಾಡಿಯಲ್ಲೂ ನಿಂತುಬಿಟ್ಟವು, ಮಕ್ಕಳನ್ನು ಎತ್ತಿಕೊಂಡು, ಚೀಲ ಹೊತ್ತುಕೊಂಡು ಜನ ಗೆರೆಯನ್ನು ಕಾಲ್ನಡಿಗೆಯಲ್ಲಿ ದಾಟಿದರು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ್ದು ತಾಳವಾಡಿ ಸೀಮೆಯ ಗಾಜನೂರಿನಿಂದ. ಗಾಜನೂರು ತಮಿಳುನಾಡಿನಲ್ಲಿದೆ. ಕೊಳ್ಳೇಗಾಲ ಆಚೆ ಹೋದಾಗ ತಾಳವಾಡಿ ನಮ್ಮಂತೆ ಈಚೆ ಉಳಿದ ಸೀಮೆ. ಅವರು ಕಾಡಿನಲ್ಲಿ ಕಳೆದ 108 ದಿನಗಳಲ್ಲಿ ಒಂದು ಆಗಸ್ಟ್ 15 ಬಂದು ಹೋಯಿತು, ಒಂದು ನವೆಂಬರ್ 1 ಬಂದು ಹೋಯಿತು. ಆ ದಿನಗಳಲ್ಲಿ ಎರಡು ಬದಿಯಲ್ಲೂ ಎಷ್ಟೋ ಬಡಜನ ಅಂಗಡಿ ಬಾಗಿಲು ತೆರೆಯಲು, ರಸ್ತೆಯಲ್ಲಿ ತಮ್ಮ ಭಾಷೆ ಆಡಲು ಅಂಜಿದರು. ಬಸ್ಸಿನಲ್ಲಿ ಕೂತು ಮನೆಯ ಭಾಷೆಯಲ್ಲಿ ಮಗುವನ್ನು ಗದರಿಸುವುದಕ್ಕೂ ಹೆದರಬೇಕಾದ ದಿನ ಸ್ವಾತಂತ್ರ್ಯ ಅಂದರೆ ಏನೆಂದು ಯಾರಿಗೂ ಭಾಷಣ ಮಾಡಿ ತಿಳಿಸಬೇಕಾಗಿಲ್ಲ.

ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ಬಂದು ನಿಂತಿತ್ತು. ಜಗಳದಿಂದಾಗಿ ಹದಿನೆಂಟು ವರ್ಷ ಅದಕ್ಕೆ ಮುಸುಕು ಹಾಕಿಟ್ಟರು. 2009ರ ಆಗಸ್ಟ್ 9ರಂದು ಮುಸುಕು ತೆಗೆದರು. ನಾಲ್ಕು ದಿನ ಬಿಟ್ಟು, ಆಗಸ್ಟ್ 13ರಂದು ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಎರಡು ಸಾಲಿನಲ್ಲಿ ಹೇಳಿದವನೂ ಮೂರು ಸಾಲಿನಲ್ಲಿ ಹೇಳಿದವನೂ ಆ ವರ್ಷದ ಆಗಸ್ಟ್ 15ನ್ನು ಪರಊರಿನಲ್ಲಿ ಬಯಲು ಗಾಳಿ ಸೇವಿಸುತ್ತ ಕಳೆದರು ಎನ್ನೋಣ. ಪ್ರತಿಮೆಗಳ ರಾಜಕೀಯ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೂ ಅದನ್ನು ಕೇಳಿ ಗಡಿಯವರ ಎದೆ ಹಗುರಾದದ್ದು ಸುಳ್ಳಲ್ಲ.

ಇಷ್ಟೆಲ್ಲ ಆದ ಮೇಲೆ, ನಮ್ಮ ಹಳ್ಳಿಯ ಕನ್ನಡ ಮಗುವಿಗೆ ಸ್ವಾತಂತ್ರ್ಯ ಎಲ್ಲಿದೆ? ಸಂವಿಧಾನದ 29ನೆಯ ವಿಧಿ ತನ್ನದೇ ಭಾಷೆ, ಲಿಪಿ ಇರುವ ಯಾವ ಜನವಿಭಾಗಕ್ಕೂ ಅದನ್ನು ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ, ನಮ್ಮಂಥವರು ಗೆರೆಯ ಆಚೀಚೆ ಉಳಿಯುತ್ತಾರೆ ಎಂದು ಗೊತ್ತಿದ್ದೇ, 350ಎ ಎಂಬ ವಿಧಿಯನ್ನು ಸೇರಿಸಿದರು. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಪ್ರಯತ್ನಿಸಬೇಕು ಎನ್ನುವ ಮಾತನ್ನು ಗಮನಿಸಿ, ಅಧಿಕಾರಿಗಳು ಅದನ್ನು ಚೆನ್ನಾಗಿಯೇ ಗಮನಿಸಿದ್ದಾರೆ. ನಮ್ಮ ಕಡೆ ಕನ್ನಡ ಶಾಲೆಗಳು ಇವೆ, ತಮಿಳುನಾಡು ಸರಕಾರವೇ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಅದನ್ನು ಒಪ್ಪಬೇಕು. ಆದರೆ ಪುಸ್ತಕ ಇದ್ದರೆ ಸಾಲದು, ಕಲಿಸುವ ಮೇಷ್ಟರೂ ಬೇಕು. ಮೇಷ್ಟರು ನಿವೃತ್ತರಾದ ಮೇಲೆ ಆ ಜಾಗ ಖಾಲಿ ಬಿದ್ದರೆ ಶಾಲೆ ತಾನೇ ತಾನಾಗಿ ಸೊರಗುತ್ತದೆ. ತಂದೆ ತಾಯಿ ಮಗುವನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುತ್ತಾರೆ.

2006ರ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಹತ್ತನೆಯ ತರಗತಿಯ ಪರೀಕ್ಷೆ ಬಂದಾಗ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ಆಗಾಗ ವಿನಾಯಿತಿ ಪಡೆದರು. ನಾವು ಇದನ್ನು ಅನ್ಯಾಯ ಎನ್ನುತ್ತೇವೆ. ಆದರೆ 2015ರಲ್ಲಿ ಕರ್ನಾಟಕವೂ ತನ್ನ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ತಂದಿತು. ಅದನ್ನು ನಮ್ಮವರೇ ಚಪ್ಪಾಳೆ ತಟ್ಟಿ ಸ್ವಾಗತಿಸಿದರು. ಆನೇಕಲ್ಲಿನ ಅಥವಾ ಕೋಲಾರದ ಚಿನ್ನದ ಗಣಿಯ ತಮಿಳು ಕೂಲಿಯವನ ಮಗಳು ಕಲಿಯುವ ಕನ್ನಡಕ್ಕೆ ಒಂದು ನ್ಯಾಯ, ತಳಿಯ ಕನ್ನಡ ಒಕ್ಕಲಿಗನ ಮಗ ಕಲಿಯುವ ತಮಿಳಿಗೆ ಇನ್ನೊಂದು ನ್ಯಾಯ ಮಾಡಲಾಗದು.

ನೇರವಾಗಿ ಹೇಳುತ್ತೇನೆ. ನಮ್ಮ ಮಗು ತಮಿಳು ಕಲಿಯಲೇಬೇಕು. ಆಚೆ ಬದಿಯ ರೈತನ ಕೈಯಲ್ಲಿ ಪಹಣಿ ಇರುತ್ತದೆ, ಅದು ಕನ್ನಡದಲ್ಲಿದೆ. ನಮ್ಮ ಕೈಯಲ್ಲಿರುವುದು ಪಟ್ಟಾ, ಚಿಟ್ಟಾ, ಅಡಂಗಲ್, ಅದು ತಮಿಳಿನಲ್ಲಿದೆ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದವನು ಆಗಸ್ಟ್ 15ರಂದು ಎಷ್ಟು ಗಟ್ಟಿಯಾಗಿ ಜೈಕಾರ ಹಾಕಿದರೂ ತಾಲೂಕು ಕಛೇರಿಯ ಮುಂದೆ ಅರ್ಜಿ ಬರೆಯುವವನ ಕೈಗೆ ಸಿಕ್ಕಿದವನೇ. ಸರ್ವೆ ನಂಬರು ತಪ್ಪಾಗಿ ಬಿದ್ದದ್ದು ಹತ್ತು ವರ್ಷದ ಮೇಲೆ, ಬ್ಯಾಂಕಿನವರು ಸಾಲ ಕೊಡಲು ಒಪ್ಪದಾಗ ಗೊತ್ತಾಗುತ್ತದೆ. ಆದರೆ ತಮಿಳು ಕಲಿಯಬೇಕು ಎಂದರೆ ಕನ್ನಡವನ್ನು ಬಿಡಬೇಕು ಎಂದಲ್ಲ. ಅಜ್ಜಿ ಕನ್ನಡದಲ್ಲಿ ಹೇಳಿದ ಕತೆಯನ್ನು ಬರೆದಿಡಲಾರದ ಮಗುವೂ ಏನನ್ನೋ ಕಳೆದುಕೊಂಡಿರುತ್ತದೆ. ಅದರ ಅರ್ಜಿಯನ್ನು ಬರೆಯಲು ಯಾವ ಕಛೇರಿಯ ಮುಂದೆಯೂ ಯಾರೂ ಕೂತಿರುವುದಿಲ್ಲ. ಮೂರು ಭಾಷೆ ಕಿವಿಗೆ ಬಿದ್ದೇ ಬೆಳೆಯುವ ಮಕ್ಕಳು ನಮ್ಮವು. ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಬಸ್ಸಿನ ಚೀಟಿ ಕೇಳಿ, ಕನ್ನಡದಲ್ಲಿ ಊಟಕ್ಕೆ ಕೂರುತ್ತವೆ. ಅವುಗಳಿಗೆ ಎರಡು ಲಿಪಿ ಭಾರವಲ್ಲ. ಭಾರವಾಗುವುದು, ಎರಡರಲ್ಲಿ ಒಂದನ್ನು ನಾಚಿಕೆಯಿಂದ ಬಚ್ಚಿಡಬೇಕಾದಾಗ.

ಆಗಸ್ಟ್ 15ರಂದು ನಮ್ಮ ಎರಡು ಬದಿಯ ಶಾಲೆಗಳಲ್ಲೂ ಮಕ್ಕಳು ಒಂದೇ ಹೊತ್ತಿಗೆ ಒಂದೇ ಧ್ವಜಕ್ಕೆ ಕೈಯೆತ್ತುತ್ತಾರೆ. ಮಿಠಾಯಿಯೂ ಬಹುಶಃ ಒಂದೇ ಅಂಗಡಿಯದು. ಬರುವ ಆಗಸ್ಟ್‌ಗೆ ಮೇಷ್ಟರುಗಳು, ಪಂಚಾಯ್ತಿಯವರು ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಲ್ಲಿ 1947 ನೆನಪಿರುವ ತಾತ ಅಜ್ಜಿಯರು ಇನ್ನೂ ಒಬ್ಬಿಬ್ಬರಾದರೂ ಇರಬಹುದು. ಆ ದಿನ ನಮ್ಮ ಬದಿಯಲ್ಲಿ ಬಾವುಟ ಎಲ್ಲಿ ಏರಿತು, ಆಚೆ ಬದಿಯ ನೆಂಟರ ಮನೆಯಲ್ಲಿ ಏನು ನಡೆಯಿತು, ‘ಮೈಸೂರು ಚಲೋ’ ದಿನಗಳಲ್ಲಿ ಗೆರೆ ದಾಟಿ ಬಂದವರಿಗೆ ಯಾರಾದರೂ ಊಟ ಹಾಕಿದರೇ ಎಂದು ಮಕ್ಕಳನ್ನು ಕಳಿಸಿ ಕೇಳಿಸಿ. ಅಜ್ಜಿ ಯಾವ ಭಾಷೆಯಲ್ಲಿ ಹೇಳಿದರೆ ಆ ಭಾಷೆಯಲ್ಲೇ ಬರೆದುಕೊಳ್ಳಲಿ. ಕನ್ನಡ ಲಿಪಿ ಬಾರದ ಮಗು ತಮಿಳು ಲಿಪಿಯಲ್ಲೇ ಕನ್ನಡ ಬರೆಯಲಿ. ಈ ಕಾರ್ಯಕ್ರಮಕ್ಕೆ ಕಳಿಸಿದರೆ ಓದಿಸಲು ಪ್ರಯತ್ನಿಸೋಣ. ಬೇಗ ಕೇಳಿಸಿ, ಅವರಿಗೆಲ್ಲ ವಯಸ್ಸಾಗಿದೆ.